ಮುನಿಯಮ್ಮನ ಹೆಸರಿನ ಡಬ್ಬಿ

ಅರಸೀಕೆರೆ ಬಸ್ ಸ್ಟ್ಯಾಂಡಿನ ಕಂಬಕ್ಕೆ, ಓಡುವ ಬಸ್ಸಿನ ಕಿಟಕಿಯಿಂದಾಚೆಗೆ, ಶಾಲೆಯ ಕಾಂಪೌಂಡಿಗೆ, ಕೊನೆಗೆ ‘ಇಲ್ಲಿ ಉಗುಳಬಾರದು’ ಎಂದು ಬರೆದ ಬೋರ್ಡಿಗೇ ಯಾವ ಸಂಕೋಚವೂ ಇಲ್ಲದೆ ಉಗುಳುವ ನಮ್ಮ ಜನ, ಕೈಗೊಂದು ಡಬ್ಬಿ ಕೊಟ್ಟು ‘ಇದರೊಳಗೆ ಉಗುಳಿ’ ಎಂದರೆ ಸಾಕು, ಹೆಣ್ಣು ನೋಡಲು ಬಂದವರ ಮುಂದೆ ಕೂತ ಹುಡುಗಿಯ ಹಾಗೆ ತಲೆ ತಗ್ಗಿಸುತ್ತಾರೆ. ಗಂಗಯ್ಯ ಇದನ್ನು ಹೇಳಿದಾಗ ನಾನು ನಕ್ಕೆ. ಅವನು ನಗಲಿಲ್ಲ. ಅವನಿಗೆ ಅದು ಹತ್ತೊಂಬತ್ತು ವರ್ಷದ ದಿನನಿತ್ಯದ ತಾಪತ್ರಯ.

ಗಂಗಯ್ಯ ಗಂಡಸಿಯ ಸರ್ಕಾರಿ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಕೆಮ್ಮುತ್ತಾ ಬಂದವರಿಗೆ ಡಬ್ಬಿ ಕೊಡುವುದು, ಅವರು ಕೊಟ್ಟ ಕಫವನ್ನು ಗಾಜಿನ ಪಟ್ಟಿಗೆ ಸವರಿ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುವುದು, ಕಂಡದ್ದನ್ನು ಬರೆಯುವುದು ಅವನ ಕೆಲಸ. ಊರವರ ಬಾಯಲ್ಲಿ ಅವನ ಹೆಸರು ‘ಕಫದ ಗಂಗಯ್ಯ’. ಡಾಕ್ಟರಿಗೆ ಶಾಲು ಹೊದಿಸುತ್ತಾರೆ, ಎಮ್ಮೆಲ್ಲೆಗೆ ಹಾರ ಹಾಕುತ್ತಾರೆ, ಆಂಬುಲೆನ್ಸಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಿಮ್ಮ ಎದೆಯೊಳಗೆ ಕೂತಿರುವುದು ಬರೀ ನೆಗಡಿಯೋ, ಧೂಳೋ, ಕ್ಷಯವೋ ಎಂದು ಕಂಡುಹಿಡಿದು ಹೇಳುವವನ ಫೋಟೊ ಯಾವ ಪೇಪರಿನಲ್ಲಾದರೂ ಬಂದದ್ದುಂಟೇ? ಸಿರಪ್ಪು ಬರೆದುಕೊಟ್ಟು ಕೈತೊಳೆದುಕೊಳ್ಳುವುದು ಸುಲಭ. ಆರು ತಿಂಗಳು ಆರು ಬಗೆಯ ಸಿರಪ್ಪು ಕುಡಿದು, ಆಮೇಲೆ ಗಂಗಯ್ಯನ ಕಿಟಕಿಗೆ ಬರುವವರನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಇರಲಿ. ಗಂಗಯ್ಯನ ವಿಷಯಕ್ಕೆ ಬರುತ್ತೇನೆ.

ಅವನು ಹಾರನಹಳ್ಳಿಯವನು. ಅಪ್ಪ ಅದೇ ಊರಿನ ತೋಟಿ. ಶ್ಯಾನುಭೋಗರ ಕಡತದ ಗಂಟು ಹೊತ್ತು ಅವರ ಹಿಂದೆ ಹತ್ತು ಮಾರು ದೂರದಲ್ಲಿ ನಡೆಯುತ್ತಿದ್ದ ಮನುಷ್ಯ. ಗಂಟು ಹೊರಬಹುದಾಗಿತ್ತು, ಅದರೊಳಗೆ ಏನು ಬರೆದಿದೆ ಎಂದು ನೋಡುವ ಹಾಗಿರಲಿಲ್ಲ. ‘ಅದಕ್ಕೇ ಇರಬೇಕು, ನನಗೆ ಬರೆಯೋದರ ಮೇಲೆ ಇಷ್ಟು ಭಯ’ ಎನ್ನುತ್ತಾನೆ ಗಂಗಯ್ಯ. ಅರಸೀಕೆರೆಯ ಹಾಸ್ಟೆಲಿನಲ್ಲಿದ್ದು ಓದಿದ, ಹಾಸನದಲ್ಲಿ ತರಬೇತಿ ಪಡೆದ, ಎಂಬತ್ತನಾಲ್ಕರಲ್ಲಿ ಕೆಲಸಕ್ಕೆ ಸೇರಿದ. ಮೊದಲು ಬೇಲೂರು ತಾಲ್ಲೂಕಿನ ಬಿಕ್ಕೋಡು. ಅಲ್ಲಿ ಕಾಫಿ ಎಸ್ಟೇಟಿನ ಆಳುಗಳ ಬೆರಳು ಚುಚ್ಚಿ ಮಲೇರಿಯಾ ಹುಡುಕುವ ಕೆಲಸ. ‘ಈ ಗಂಗಯ್ಯ ಕೂಲಿ ಕೆಲ್ಸಕ್ಕಿಂತ ಹೆಚ್ಚು ರಕ್ತ ಹೀರ್ತಾನೆ’ ಎಂದು ಅವರು ತಮಾಷೆ ಮಾಡುತ್ತಿದ್ದರಂತೆ. ಆಮೇಲೆ ಹಳೇಬೀಡು. ಅಲ್ಲಿ ದೇವಸ್ಥಾನದ ಆನೆಸಾಲು, ಕುದುರೆಸಾಲು ನೋಡಲು ಬಂದು ಹೊಟ್ಟೆ ಕೆಡಿಸಿಕೊಂಡ ಬಿಳಿಯರ ಪರೀಕ್ಷೆಯನ್ನೂ ಮಾಡಿದ. ‘ಹೊಟ್ಟೆಯೊಳಗೆ ಎಲ್ಲರದ್ದೂ ಒಂದೇ ಬಣ್ಣ’ ಎಂಬುದು ಹಳೇಬೀಡಿನಿಂದ ಅವನು ತಂದ ಜ್ಞಾನ. ತೊಂಬತ್ತೆಂಟರಲ್ಲಿ ಗಂಡಸಿ.

ಮನೆಯಲ್ಲಿ ಹೆಂಡತಿ ಲತಾಮಣಿ, ಪ್ರೈಮರಿ ಶಾಲೆಯ ಟೀಚರು. ಗೋಡೆಯ ಮೇಲೆ ಬುದ್ಧನ ಪಟ. ‘ಬುದ್ಧ ಕಣ್ಣು ಮುಚ್ಚಿ ಕೂತವ್ನೆ, ಇವರು ಒಂದು ಕಣ್ಣು ಮುಚ್ಚಿ ಕೂತವ್ರೆ, ಮನೆಗೆ ಸಾಮಾನು ತರೋರು ಯಾರು?’ ಎಂದು ಆಕೆ ಕೇಳುವುದುಂಟು.

ಗಂಗಯ್ಯನ ಲ್ಯಾಬಿನಲ್ಲಿ ಕೆಲವು ಕಟ್ಟುನಿಟ್ಟುಗಳಿವೆ. ನಂಬರನ್ನು ಡಬ್ಬಿಯ ಮೈಮೇಲೆ ಬರೆಯಬೇಕು, ಮುಚ್ಚಳದ ಮೇಲಲ್ಲ, ಏಕೆಂದರೆ ಮುಚ್ಚಳ ಅದಲುಬದಲಾಗುತ್ತದೆ. ಕಫ ಸವರುವುದಕ್ಕೆ ತೆಂಗಿನ ಪೊರಕೆಯ ಕಡ್ಡಿ. ತೆಂಗಿನ ಸೀಮೆಯಲ್ಲಿ ಅದಕ್ಕೇನು ಬರ? ಒಂದು ಡಬ್ಬಿಗೆ ಒಂದೇ ಕಡ್ಡಿ, ಮುಗಿದ ಕೂಡಲೇ ಅದು ಫಿನಾಯಿಲಿಗೆ. ಗಾಜಿನ ಮೇಲೆ ಕೆಂಪು ಬಣ್ಣ ಸುರಿದು, ಕೆಳಗೆ ಸ್ಪಿರಿಟ್ ದೀಪ ಹಿಡಿದು ಹಬೆಯಾಡುವವರೆಗೆ ಕಾಯಿಸಬೇಕು. ಆಮೇಲೆ ಆಸಿಡ್ಡಿನಲ್ಲಿ ತೊಳೆದರೆ ಎಲ್ಲದರ ಕೆಂಪೂ ಹೋಗುತ್ತದೆ, ಕ್ಷಯದ ಕ್ರಿಮಿಯದ್ದು ಮಾತ್ರ ಹೋಗುವುದಿಲ್ಲ. ಮೇಲೊಂದು ನೀಲಿ ಬಣ್ಣ. ಕೊನೆಗೆ ನೀಲಿ ಆಕಾಶದಲ್ಲಿ ಯಾರೋ ಕೆಂಪು ದಾರದ ತುಣುಕು ಚೆಲ್ಲಿದ ಹಾಗೆ ಕಾಣಬೇಕು. ಕಂಡರೆ ಕ್ಷಯ. ಕಾಣದಿದ್ದರೆ ಗಾಜನ್ನು ಸರಿಸಿ ಸರಿಸಿ ನೂರು ಕಡೆ ನೋಡಬೇಕು, ತೊಂಬತ್ತೊಂಬತ್ತು ಸಾಲದು. ಕರೆಂಟ್ ಹೋದರೆ ಕಿಟಕಿಯ ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ನೋಡುತ್ತಾನೆ. ಕ್ರಿಮಿ ಕಂಡವರ ಫಲಿತಾಂಶವನ್ನು ರಿಜಿಸ್ಟರಿನಲ್ಲಿ ಕೆಂಪು ಶಾಯಿಯಲ್ಲಿ ಬರೆಯಬೇಕು. ಒಬ್ಬೊಬ್ಬರಿಗೆ ಮೂರು ಸಲ ಪರೀಕ್ಷೆ: ಬಂದ ದಿನ ಒಂದು ಡಬ್ಬಿ, ಮಾರನೇ ದಿನ ಎದ್ದ ಕೂಡಲೇ ಮನೆಯಲ್ಲಿ ಒಂದು, ಅದನ್ನು ತಂದಾಗ ಆಸ್ಪತ್ರೆಯಲ್ಲೇ ಇನ್ನೊಂದು. ಫಲಿತಾಂಶದ ಚೀಟಿ ರೋಗಿಯ ಕೈಗೇ ಹೋಗಬೇಕು, ಬೇರೆ ಯಾರ ಕೈಗೂ ಅಲ್ಲ.

ಈ ಕೊನೆಯ ಕಟ್ಟುನಿಟ್ಟನ್ನು ಹತ್ತೊಂಬತ್ತು ವರ್ಷದಲ್ಲಿ ಗಂಗಯ್ಯ ಒಂದೇ ಒಂದು ಸಲ ಮುರಿದ. ನಾನು ಹೇಳಹೊರಟದ್ದು ಅದನ್ನೇ.

ಎರಡು ಸಾವಿರದ ಮೂರನೇ ಇಸವಿ, ಡಿಸೆಂಬರ್. ಇಂದುಧರ ಎಂಬ ಕೊಬ್ಬರಿ ವ್ಯಾಪಾರಿಯ ಶೆಡ್ಡಿನಲ್ಲಿ ಕಾಯಿ ಸುಲಿಯುವ ಮುನಿಯಮ್ಮ ಲ್ಯಾಬಿನ ಕಿಟಕಿಗೆ ಬಂದಳು. ಬಾಯ ತುಂಬ ಎಲೆಅಡಿಕೆ.

“ಮೊದ್ಲು ಬಾಯಿ ತೊಳ್ಕೊಂಡು ಬಾ ಮುನಿಯಕ್ಕ” ಎಂದ ಗಂಗಯ್ಯ.

“ತೊಳ್ಕೊಂಡೇ ಬಂದಿವ್ನಿ ಕಣ್ ಗಂಗಣ್ಣ. ಆಮೇಲೆ ಒಂದ್ ಎಲೆ ಹಾಕ್ಕಂಡೆ. ಬರೀ ಬಾಯಲ್ಲಿ ಆಸ್ಪತ್ರೆಗೆ ಬರಕ್ಕಾಯ್ತದಾ?”

“ಎಷ್ಟು ದಿನದಿಂದ ಕೆಮ್ಮು?”

“ಅಯ್ಯೋ, ನಾರಿನ ಧೂಳು ಕುಡಿಯೋರಿಗೆ ಕೆಮ್ಮೇನು ಹೊಸದಾ? ಸಾವ್ಕಾರ್ರೇ ‘ಹೋಗಿ ಟೆಸ್ಟ್ ಮಾಡಿಸ್ಕಂಡ್ ಬಾ’ ಅಂದ್ರು. ಏನ್ ದೇವರು ಬಂತೋ ಮೈಮೇಲೆ.” ಸುತ್ತಲಿನ ಬಾಟಲಿ, ದೀಪ, ಮೈಕ್ರೋಸ್ಕೋಪನ್ನೆಲ್ಲ ನೋಡಿದಳು. “ಅಲ್ಲ ಗಂಗಣ್ಣ, ನಾನು ಕಾಯಿ ಕಿವಿ ಹತ್ರ ಇಟ್ಕಂಡು ಅಲ್ಲಾಡ್ಸಿದ್ರೆ ಒಳಗೆ ಕೊಬ್ರಿ ಆಗೈತಾ ಇಲ್ವಾ ಅಂತ ಹೇಳ್ತೀನಿ. ನಿಂಗೆ ಇಷ್ಟೊಂದ್ ಸಾಮಾನು ಬೇಕಾ?”

“ಮನುಷ್ಯರನ್ನ ಹಿಡ್ಕೊಂಡು ಅಲ್ಲಾಡ್ಸಕ್ಕಾಗಲ್ವಲ್ಲಕ್ಕ.”

ಆಕೆ ಹಿತ್ತಲಿಗೆ ಹೋಗಿ ಕ್ಯಾಕರಿಸಿ ಡಬ್ಬಿ ತುಂಬಿ ತಂದಳು. ಕೆಂಪಗಿತ್ತು, ಎಲೆಅಡಿಕೆಯ ಕೆಂಪು. ಗಂಗಯ್ಯ ಬೈದುಕೊಳ್ಳುತ್ತಲೇ ಸವರಿದ. ಗಾಜಿನ ತುಂಬ ಅಡಿಕೆಯ ಚೂರು, ಕ್ರಿಮಿ ಒಂದೂ ಇಲ್ಲ. ‘ನಾಳೆ ಬೆಳಿಗ್ಗೆ ಎದ್ದ ತಕ್ಷಣ, ಎಲೆ ಹಾಕುವುದಕ್ಕೆ ಮೊದಲು’ ಎಂದು ಮೂರು ಸಲ ಹೇಳಿ, ಆಕೆಯ ನಂಬರ್ ಬರೆದ ಎರಡನೇ ಡಬ್ಬಿಯನ್ನು ಕೊಟ್ಟು ಕಳಿಸಿದ.

ಮಾರನೇ ದಿನ ಆ ಡಬ್ಬಿ ಬಂದದ್ದು ಸ್ಕೂಟರಿನಲ್ಲಿ. ತಂದವನು ಇಂದುಧರನೇ.

“ನಮ್ ಆಳು ಮುನಿಯಮ್ಮಂದು ಕಣ್ರೀ. ಲೋಡು ಬಂದೈತೆ, ಅವಳಿಗೆ ಬಿಡುವಿಲ್ಲ. ಪಾಪ ಅಂತ ನಾನೇ ತಂದೆ.”

ಹಣೆಯಲ್ಲಿ ವಿಭೂತಿ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಆಳಿನ ಕಫದ ಡಬ್ಬಿ. ಗಂಗಯ್ಯನಿಗೆ ದೇಶ ಒಂದೇ ರಾತ್ರಿಯಲ್ಲಿ ಉದ್ಧಾರವಾದ ಹಾಗೆ ಕಂಡಿತು. ಆ ಸಂತೋಷದಲ್ಲೇ ಅವನು ಎಡವಿದ್ದು. ಮಧ್ಯಾಹ್ನ ಗಾಜನ್ನು ನೋಡಿದ. ನೋಡಿದಲ್ಲೆಲ್ಲ ಕೆಂಪು ದಾರ. ನೂರು ಕಡೆ ಹುಡುಕುವ ಪ್ರಮೇಯವೇ ಬರಲಿಲ್ಲ, ಮೊದಲ ನೋಟದಲ್ಲೇ ಹದಿನೈದಿಪ್ಪತ್ತು ಕ್ರಿಮಿ. ಮೂರು ಪ್ಲಸ್, ಅಂದರೆ ಇದಕ್ಕಿಂತ ಹೆಚ್ಚಿಲ್ಲ. ಆದರೆ ಅಡಿಕೆಯ ಚೂರು? ಹುಡುಕಿದರೂ ಒಂದಿಲ್ಲ. ನಿನ್ನೆ ಅಡಿಕೆ ಇತ್ತು, ಕ್ರಿಮಿ ಇರಲಿಲ್ಲ. ಇವತ್ತು ಕ್ರಿಮಿ ಇದೆ, ಅಡಿಕೆ ಇಲ್ಲ. ಅವನಿಗೆ ಏನೋ ಕಸಿವಿಸಿಯಾಯಿತು. ಆದರೆ ಕಂಡದ್ದನ್ನು ಬರೆಯಬೇಕು. ಮುನಿಯಮ್ಮನ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಬರೆದ. ಸಂಜೆ ಇಂದುಧರ ಮತ್ತೆ ಬಂದು “ಚೀಟಿ ಕೊಡಿ, ನಾನೇ ಕೊಡ್ತೀನಿ” ಎಂದಾಗ, ಆಳಿನ ಮೇಲೆ ಇಷ್ಟು ಕಾಳಜಿ ಇರುವ ಸಾಹುಕಾರನಿಗೆ ಇಲ್ಲ ಎನ್ನಲಾರದೆ ಕೊಟ್ಟುಬಿಟ್ಟ.

ಮೂರನೇ ಡಬ್ಬಿಗೆ ಮುನಿಯಮ್ಮ ಬರಲೇ ಇಲ್ಲ. ಒಂದು ಡಬ್ಬಿಯ ಮೇಲೆ ಮಾತ್ರೆ ಶುರು ಮಾಡುವ ಹಾಗಿಲ್ಲ, ಕರೆಸಿ ಎಂದರು ಡಾಕ್ಟರಮ್ಮ. ಆಸ್ಪತ್ರೆಯಿಂದ ಆಕೆಯ ಮನೆಗೆ ಜನ ಹೋದರು. ನಾಲ್ಕನೇ ದಿನ ಮುನಿಯಮ್ಮ ಬಂದಳು. ಬಾಯಲ್ಲಿ ಎಲೆ ಇರಲಿಲ್ಲ. ಕಿಟಕಿಯ ಸರಳು ಹಿಡಿದು ನಿಂತಳು.

“ಏನ್ ಬರ್ದೆ ಗಂಗಣ್ಣ ನನ್ ಮೇಲೆ? ಶೆಡ್ಡಿಗೆ ಬರಬೇಡ ಅಂದವ್ರೆ. ಬೀದಿ ನಲ್ಲೀಲಿ ನನ್ ಬಿಂದಿಗೆ ಮುಟ್ಟಿದ್ರೆ ಇನ್ನೊಬ್ಳು ತೊಳ್ದು ತೊಳ್ದು ಹಿಡಿತಾವ್ಳೆ. ಅದೆಲ್ಲ ಹಾಳಾಗೋಗ್ಲಿ. ಮಗಳು ಚೊಚ್ಚಲ ಬಸುರಿ, ಹಾರನಹಳ್ಳೀಲವ್ಳೆ. ಮುಂದಿನ ವಾರ ಕರ್ಕೊಂಡ್ ಬರಬೇಕಿತ್ತು. ಬೀಗರು ಹೇಳ್ ಕಳ್ಸವ್ರೆ, ಆ ಮನೆಗೆ ಬಾಣಂತನಕ್ಕೆ ಕಳ್ಸಲ್ಲ ಅಂತ. ಒಲೆ ಮೆತ್ತಿ, ಗೋಡೆಗೆ ಸುಣ್ಣ ಹೊಡ್ದು, ಬಾಣಂತಿಗೆ ಅಂತ ಬೆಳ್ಳುಳ್ಳಿ ಬಿಡಿಸಿಟ್ಟಿವ್ನಿ ಕಣಣ್ಣ!”

ಗಂಗಯ್ಯ ಹೊಸ ಡಬ್ಬಿ ಕೊಟ್ಟ. “ಎರಡನೇ ಡಬ್ಬಿ ಕೊಟ್ಯಲ್ಲಕ್ಕ, ಅದರಲ್ಲಿ…”

“ಎರಡನೇದಾ? ನಾನೆಲ್ ಕೊಟ್ಟೆ? ಸಾವ್ಕಾರ್ರು ಖಾಲಿ ಡಬ್ಬಿನೇ ಇಸ್ಕಂಡು ಮಡಿಕ್ಕಂಡ್ರು. ಬೆಳಿಗ್ಗೆ ಕೇಳಿದ್ರೆ, ‘ಒಂದೇ ಸಾಕಂತೆ, ಹೋಗು ಕೆಲ್ಸ ನೋಡು’ ಅಂದ್ರು.”

ಅಷ್ಟೇ. ಅಡಿಕೆಯ ಚೂರು ಎಲ್ಲಿ ಹೋಯಿತೆಂದು ಗಂಗಯ್ಯನಿಗೆ ಗೊತ್ತಾಯಿತು. ಆವತ್ತು, ಮಾರನೇ ದಿನ ಸೇರಿ ಹೊಸದಾಗಿ ಮೂರು ಡಬ್ಬಿ ತನ್ನ ಕಣ್ಣೆದುರೇ ತೆಗೆಸಿದ. ಮೂರನ್ನೂ ನೂರು ನೂರು ಕಡೆ ನೋಡಿದ. ಬರೀ ನೀಲಿ.

ಡಾಕ್ಟರಮ್ಮ ಫಲಿತಾಂಶ ನೋಡಿ ಕೇಳಿದ್ದು ಒಂದೇ ಮಾತು: “ಸರಿ ಗಂಗಯ್ಯ, ಈಕೆಗಿಲ್ಲ. ಹಾಗಾದರೆ ಆ ಮೂರು ಪ್ಲಸ್ ಯಾರದ್ದು? ಅವರು ಇನ್ನೂ ಕೆಮ್ಮುತ್ತಾ ಕೂತಿದ್ದಾರಲ್ಲ?”

ಯಾರದ್ದು ಎಂಬುದು ಗಂಡಸಿಯಲ್ಲಿ ಅರ್ಧ ಜನಕ್ಕೆ ಹೊಳೆಯುವಂಥದ್ದೇ. ಇಂದುಧರನ ತಾಯಿ ರುದ್ರಮ್ಮ ಎರಡು ತಿಂಗಳಿಂದ ಕೆಮ್ಮುತ್ತಿದ್ದಳು. ಸಂಜೆಯಾದರೆ ಜ್ವರ. ಅರಸೀಕೆರೆಯ ಪ್ರೈವೇಟ್ ಡಾಕ್ಟರು ಕಫ ಪರೀಕ್ಷೆ ಮಾಡಿಸಿ ಎಂದಿದ್ದರು. ಆದರೆ ಇಂದುಧರನ ಮಗಳು ಉಷಾರಾಣಿಗೆ ತಿಪಟೂರಿನ ಕಡೆಯಿಂದ ಸಂಬಂಧ ಕೂಡಿಬರುತ್ತಿತ್ತು. ಮಠಕ್ಕೆ ನಡೆದುಕೊಳ್ಳುವ ದೊಡ್ಡ ಮನೆ, ಅಜ್ಜಿಗೆ ಕ್ಷಯ ಎಂದು ಗೊತ್ತಾದರೆ ಮಾತು ಮುರಿದೀತು. ಪರೀಕ್ಷೆಯೂ ಆಗಬೇಕು, ಹೆಸರೂ ಬರಬಾರದು. ಅದಕ್ಕೆ ಸಾಹುಕಾರರಿಗೆ ಹೊಳೆದ ದಾರಿ ಏನು? ಅಂಗಳದಲ್ಲಿ ಒಂದು ಹೆಸರು ಇದೆಯಲ್ಲ, ಖರ್ಚಿಲ್ಲದ್ದು! ಕಾಯಿ ಸುಲಿಯುತ್ತದೆ, ಅಂಗಳ ಗುಡಿಸುತ್ತದೆ, ಹೇಳಿದ ಕಡೆ ಹೆಬ್ಬೆಟ್ಟು ಒತ್ತುತ್ತದೆ. ನಮ್ಮಮ್ಮನ ರೋಗವನ್ನೂ ಹೊರಲಿ.

ಅಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ರೋಗವಿದೆ ಎಂದು ಚೀಟಿ ಬಂದ ಆಳನ್ನು ಕೆಲಸದಲ್ಲಿ ಇಟ್ಟುಕೊಂಡರೆ ಜನ ಅನುಮಾನಿಸುತ್ತಾರೆಂದು ಆಕೆಯನ್ನು ಶೆಡ್ಡಿನಿಂದಲೂ ಹೊರಗೆ ಹಾಕಿದ. ಸುಳ್ಳಿಗೆ ಸಾಕ್ಷಿ ಬೇಕಿತ್ತು, ಮುನಿಯಮ್ಮನ ಅನ್ನ ಸಾಕ್ಷಿಯಾಯಿತು.

ಶನಿವಾರ ಗಂಗಯ್ಯ ಇಂದುಧರನ ಮಂಡಿಗೆ ಹೋದ. ಕೊಬ್ಬರಿ ಮೂಟೆಗಳ ನಡುವೆ ಕೂತಿದ್ದ ಇಂದುಧರ ಮೊದಲು ಏನೂ ಗೊತ್ತಿಲ್ಲದವನಂತೆ ಆಡಿದ. ಆಮೇಲೆ ರೇಗಿದ.

“ಏನ್ರೀ, ನನ್ ಮೇಲೇ ಎನ್‌ಕ್ವೈರಿನಾ? ಒಂದ್ ಫೋನ್ ಮಾಡಿದ್ರೆ ಬಿಕ್ಕೋಡಿಗೆ ಎತ್ತಿ ಹಾಕಿಸ್ತೀನಿ.”

“ಅಲ್ಲಿ ಆರು ವರ್ಷ ಇದ್ದೆ ಸಾರ್. ಕಾಫಿ ಚೆನ್ನಾಗಿರ್ತದೆ. ನಿಮ್ಮ ತಾಯೋರಿಗೆ ಮಾತ್ರೆ ಶುರು ಮಾಡಿದ್ರಾ, ಅದ್ ಹೇಳಿ.”

ಇಂದುಧರನ ದನಿ ಇಳಿಯಿತು. ಮೂಟೆಯ ಮೇಲೆ ಕೂರಲು ಹೇಳಿದ. ಆಮೇಲೆ ಒಂದು ಒಪ್ಪಂದ ಮುಂದಿಟ್ಟ. ಕೇಳಿದರೆ ಎಷ್ಟು ಸಲೀಸು! “ನೋಡಿ, ಮುನಿಯಮ್ಮಂಗೆ ಏನೂ ಇಲ್ಲ ಅಂತ ಆಯ್ತಲ್ಲ, ಸಂತೋಷ. ಲ್ಯಾಬಲ್ಲಿ ಡಬ್ಬಿ ಅದಲುಬದಲಾಯ್ತು ಅಂತ ಒಂದ್ ಚೀಟಿ ಬರ್ದುಬಿಡಿ. ಅವಳ ಹೆಸರು ಚೊಕ್ಕ ಆಗ್ತದೆ, ನಾಳೇನೇ ಕೆಲ್ಸಕ್ಕೆ ಕರ್ಕೊಳ್ತೀನಿ, ಅವಳ ಮಗಳೂ ಬತ್ತಾಳೆ. ನಮ್ಮಮ್ಮನ್ನ ನಾನು ಬೆಂಗಳೂರಿಗೆ ಕರ್ಕೊಂಡೋಗಿ ತೋರಿಸ್ಕಂತೀನಿ. ಯಾರಿಗೂ ತೊಂದ್ರೆ ಇಲ್ಲ. ನಿಮಗೇನು, ಒಂದ್ ಮೆಮೊ ಬರಬೋದು. ಅದನ್ನ ನಾನ್ ನೋಡ್ಕಂತೀನಿ.”

ಗಂಗಯ್ಯ ಯೋಚನೆ ಮಾಡಿ ಹೇಳುತ್ತೇನೆಂದು ಎದ್ದುಬಂದ. ನಿಜ ಹೇಳುತ್ತೇನೆ, ಅವನ ಮನಸ್ಸು ಆಗಲೇ ಮುಕ್ಕಾಲು ಒಪ್ಪಿತ್ತು. ಚೀಟಿಯನ್ನು ಬೇರೆಯವರ ಕೈಗೆ ಕೊಟ್ಟ ತಪ್ಪು ತನ್ನದು. ಆ ತಪ್ಪಿಗೆ ಈ ತಪ್ಪು ಹೊತ್ತರೆ ಮುಗಿಯಿತು. ಒಂದು ವಾರದಲ್ಲಿ ಆ ಹುಡುಗಿ ತಾಯಿಯ ಮನೆಗೆ ಬರುತ್ತಾಳೆ.

ಭಾನುವಾರ ಮಧ್ಯಾಹ್ನ ಲತಾಮಣಿ ಮೊರದ ತುಂಬ ಅವರೆಕಾಯಿ ಸುರಿದುಕೊಂಡು ಕೂತಿದ್ದಳು. ಗಂಗಯ್ಯನೂ ಬಿಡಿಸುತ್ತಾ ಎಲ್ಲವನ್ನೂ ಹೇಳಿದ. ಆಕೆ ಕಾಳಿನಲ್ಲಿ ಹುಳ ನೋಡಿ ಎಸೆಯುತ್ತಾ ಕೇಳಿಸಿಕೊಂಡಳು.

“ಬರ್ಕೊಡಿ. ದೊಡ್ಡ ತ್ಯಾಗ. ನಾಳೆ ಇನ್ಯಾರಿಗೋ ಕೆಂಪು ಶಾಯೀಲಿ ಬರೀತೀರಲ್ಲ, ಅವನು ಏನಂತಾನೆ?”

“ಏನಂತಾನೆ?”

“‘ಆ ಗಂಗಯ್ಯನಾ? ಅವನು ಡಬ್ಬಿ ಅದಲುಬದಲು ಮಾಡ್ತಾನೆ ಬಿಡು, ನಂಗೇನೂ ಇಲ್ಲ’ ಅಂತಾನೆ. ಮಾತ್ರೆ ನುಂಗಲ್ಲ. ಮನೆಮಂದಿಗೆಲ್ಲ ಅಂಟಿಸಿ ಸಾಯ್ತಾನೆ. ಒಬ್ಬ ಸಾವ್ಕಾರ ಬೆಚ್ಚಗಿರ್ಲಿ ಅಂತ ನೀವು ಹೋಬಳಿಗೇ ಸುಳ್ಳಾಗ್ತೀರಿ.” ಒಂದು ಅವರೆಕಾಯಿ ಬಿಡಿಸಿದಳು. “ನಿಮ್ಮಪ್ಪ ಗಂಟು ಹೊತ್ರು, ಒಳಗೆ ಏನಿತ್ತೋ ಅವರಿಗೆ ಗೊತ್ತಿರ್ಲಿಲ್ಲ. ನೀವು ಗೊತ್ತಿದ್ದೂ ಹೊರ್ತೀರಾ?”

ಗಂಗಯ್ಯ ಸಿಪ್ಪೆಯನ್ನೇ ಪಾತ್ರೆಗೆ ಹಾಕಿ, ಕಾಳನ್ನು ಆಚೆ ಹಾಕುತ್ತಿದ್ದನೆಂದು ಬೈಸಿಕೊಂಡ.

ಸೋಮವಾರ ಬೆಳಿಗ್ಗೆ ಇಂದುಧರನ ಮನೆಗೆ ಹೋದ. ಸರ್ಕಾರಿ ನೌಕರನಾದರೂ ಆ ಮನೆಯಲ್ಲಿ ಗಂಗಯ್ಯನ ಜಾತಿಯವರಿಗೆ ಜಗಲಿಯೇ ಕೊನೆ. ಜಗಲಿಯ ಕೆಳಗೇ ನಿಂತು ಹೇಳಿದ: “ಇಂದುಧರಪ್ಪನೋರೆ, ಆಗಲ್ಲ. ಲ್ಯಾಬಲ್ಲಿ ಡಬ್ಬಿ ಅದಲುಬದಲಾಗಿಲ್ಲ. ಮುನಿಯಮ್ಮನ ಹೆಸರಿನ ಡಬ್ಬೀಲಿ ನಿಮ್ಮ ತಾಯೋರ ಕಫ ಬಂತು. ಇದ್ದದ್ದನ್ನ ನಾನು ಡಾಕ್ಟರಮ್ಮಂಗೆ ಬರ್ದು ಕೊಡ್ತೀನಿ.”

“ಮೆಲ್ಲಗೆ ಮಾತಾಡ್ರೀ!”

“ಮೆಲ್ಲಗೇ ಮಾತಾಡ್ತಿದೀನಿ. ನಿಮ್ಮನೆ ದೊಡ್ಡದು, ದನಿ ಗುಂಯ್ ಅಂತದೆ.”

ಒಳಗಿನಿಂದ ಕೆಮ್ಮು ಕೇಳಿಸಿತು. ಉದ್ದನೆಯ ಕೆಮ್ಮು, ಗೋಡೆ ಹಿಡಿದು ನಿಲ್ಲಿಸುವಂಥದ್ದು. ಅದು ಹತ್ತಿರ ಹತ್ತಿರ ಬಂತು. ಬಾಗಿಲಲ್ಲಿ ರುದ್ರಮ್ಮ ನಿಂತಳು. ಎಪ್ಪತ್ತರ ಹತ್ತಿರದ ಹೆಂಗಸು, ಕೊರಳಲ್ಲಿ ಲಿಂಗದ ಕರಡಿಗೆ, ಮೈಮೇಲೆ ಎರಡು ಶಾಲು.

“ಏನಪ್ಪಾ ಅದು ಡಬ್ಬಿ? ಇವನು ನಂಗೆ ಅರಸೀಕೆರೆ ಡಾಕ್ಟ್ರು ಕೊಟ್ಟಿದ್ದು ಅಂದಿದ್ದ.”

ಇಂದುಧರ “ಅಮ್ಮಾ, ನೀನ್ ಒಳಗೆ ಹೋಗು” ಎಂದ. ಆಕೆ ಹೋಗಲಿಲ್ಲ. ಗಂಗಯ್ಯ ಹೇಳಿದ, ಪೂರ್ತಿ ಹೇಳಿದ. ಶೆಡ್ಡಿನ ವಿಷಯ, ನಲ್ಲಿಯ ವಿಷಯ, ಬಾಣಂತನದ ವಿಷಯ. ರುದ್ರಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ಕೇಳಿದಳು.

“ಅದಕ್ಕೇನೋ ಅವಳು ವಾರದಿಂದ ಕಾಣ್ತಿಲ್ಲ? ಊರಿಗೆ ಹೋಗವ್ಳೆ ಅಂದ್ಯಲ್ಲೋ!”

“ಉಷಾ ಸಂಬಂಧ ಅಮ್ಮಾ… ತಿಪಟೂರಿನೋರಿಗೆ ಗೊತ್ತಾದ್ರೆ…”

“ನಿನ್ ಮಗಳ ಮದುವೆ ಮದುವೆ, ಅವಳ ಮಗಳ ಬಾಣಂತನ ಏನೋ, ಕೊಬ್ಬರಿ ಚಿಪ್ಪಾ?” ಮತ್ತೆ ಕೆಮ್ಮು ಬಂತು. ಸುಧಾರಿಸಿಕೊಂಡಳು. “ಎದೆ ನಂದು, ಕಫ ನಂದು, ಹೆಸರು ಅವಳ್ದು. ಮಗಳು ಬಸುರಿ ಅಂತ ಹೋದ ತಿಂಗ್ಳು ನನ್ ಹತ್ರಾನೇ ಹಳೇ ಸೀರೆ ಇಸ್ಕಂಡ್ ಹೋದ್ಲು ಕಣೋ ಅವಳು, ತೊಟ್ಟಿಲಿಗೆ ಹಾಸಕ್ಕೆ. ನಡಿ ಗಂಗಯ್ಯ, ನಾನೇ ಬತ್ತೀನಿ.”

ಇಂದುಧರ ಕಾರು ತೆಗೆದ. ಆಕೆ “ನಿನ್ ಕಾರ್ ಬೇಡ” ಎಂದು ಎದುರಿಗೆ ನಿಂತಿದ್ದ ಆಟೋ ಹತ್ತಿದಳು. ಅರ್ಧ ಗಂಟೆಯಲ್ಲಿ ಇಡೀ ಗಂಡಸಿಗೆ ಗೊತ್ತಾಯಿತು. ಕಾರಿನಲ್ಲಿ ಹೋಗಿದ್ದರೆ ಇಷ್ಟು ಬೇಗ ಆಗುತ್ತಿರಲಿಲ್ಲ.

ಲ್ಯಾಬಿನ ಕಿಟಕಿಯಲ್ಲಿ ಗಂಗಯ್ಯ ಹೆಸರು ಕೇಳಿದ. ನಿಯಮ.

“ರುದ್ರಮ್ಮ ಅಂತ ಬರ್ಕೋ. ದಪ್ಪಗೆ ಬರ್ಕೋ. ಅವಳ ಹೆಸರಿಗೆ ಯಾವ ಶಾಯಿ ಹಾಕ್ದೆ?”

“ಕೆಂಪು. ಆದ್ರೆ ಅಮ್ಮಾವ್ರೇ, ಈಗ ನೀಲೀಲೇ ಬರೀತೀನಿ, ನೋಡಿದ ಮೇಲೆ…”

“ನೋಡೋದೇನೈತೆ? ಹೋದ್ಸಲ ನೋಡ್ದಲ್ಲ!”

“ನೋಡದೆ ಬರೆಯಲ್ಲ ಅಮ್ಮಾವ್ರೇ” ಎಂದ ಗಂಗಯ್ಯ. ನೋಡಿದ. ಆ ದಿನದ್ದು, ಮಾರನೇ ದಿನದ ಎರಡು, ಮೂರೂ ಮೂರು ಪ್ಲಸ್. ರುದ್ರಮ್ಮನ ಹೆಸರಿನ ಮುಂದೆ ಕೆಂಪು ಬಂತು. ಮುನಿಯಮ್ಮನ ಸಾಲಿನಲ್ಲಿ ಕೆಂಪನ್ನು ಅಳಿಸುವ ಹಾಗಿಲ್ಲ. ಅದರ ಮೇಲೆ ಒಂದೇ ಗೆರೆ ಎಳೆದು, ‘ಈ ಡಬ್ಬಿ ಈಕೆಯದ್ದಲ್ಲ’ ಎಂದು ಬರೆದು, ಚೀಟಿಯನ್ನು ಬೇರೆಯವರ ಕೈಗೆ ಕೊಟ್ಟ ತಪ್ಪು ತನ್ನದೆಂದೂ ಬರೆದು, ಸಹಿ ಹಾಕಿದ. ಡಾಕ್ಟರಮ್ಮನೂ ಸಹಿ ಹಾಕಿದರು. ಮೆಮೊ ಬಂತೇ ಎಂದು ಕೇಳಿದೆ. “ಬಂತು. ಫೈಲಲ್ಲಿಟ್ಟಿದೀನಿ, ಅದೂ ಇರ್ಲಿ” ಎಂದ.

ತಾಯಿಯ ಅಪ್ಪಣೆಯ ಮೇಲೆ ಇಂದುಧರ ಮುನಿಯಮ್ಮನನ್ನು ಕರೆದುಕೊಂಡು ಹಾರನಹಳ್ಳಿಗೆ ಹೋಗಬೇಕಾಯಿತು. ಬೀಗರ ಮನೆಯ ಮುಂದೆ ನಿಂತು, ನೆಲ ನೋಡುತ್ತಾ, “ಡಬ್ಬಿ ಅದಲುಬದಲಾಗಿತ್ತು” ಎಂದ. ಪಕ್ಕದಲ್ಲಿ ಎಲೆ ಮಡಿಸುತ್ತಿದ್ದ ಮುನಿಯಮ್ಮ ತಲೆ ಎತ್ತದೆಯೇ ಹೇಳಿದಳು: “ಆಗ್ಲಿಲ್ಲ ಸಾವ್ಕಾರ್ರೆ. ನೀವ್ ಮಾಡಿದ್ರಿ.” ಬೀಗರು ಆಸ್ಪತ್ರೆಯ ಹೊಸ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಊರಿನ ಮೇಷ್ಟರ ಹತ್ತಿರ ಓದಿಸಿದರು. ಮೂರನೇ ದಿನ ಹುಡುಗಿಯನ್ನು ಕಳಿಸಿದರು. ಸಂಕ್ರಾಂತಿಯ ಹಿಂದಿನ ದಿನ ಮುನಿಯಮ್ಮನ ಸುಣ್ಣ ಹೊಡೆದ ಮನೆಯಲ್ಲಿ ಹೆಣ್ಣು ಮಗು ಹುಟ್ಟಿತು, ರುದ್ರಮ್ಮನ ಹಳೇ ಸೀರೆಯ ಮೇಲೆ ಮಲಗಿತು. ಅಂದ ಹಾಗೆ ಉಷಾರಾಣಿಯ ಸಂಬಂಧವೂ ಮುರಿಯಲಿಲ್ಲ. ತಿಪಟೂರಿನವರು ವಿಷಯ ಕೇಳಿ, ಹುಡುಗನ ದೊಡ್ಡಮ್ಮನೂ ಇದೇ ಮಾತ್ರೆ ನುಂಗಿ ಗುಣವಾದವಳೆಂದು ಹೇಳಿ, ಜಾತಕದ ಮೇಲೆ ನಡೆಯುತ್ತಿದ್ದ ಮಾತಿಗೇ ವಾಪಸು ಹೋದರು. ಇಷ್ಟಕ್ಕೆ ಇಂದುಧರ ಒಬ್ಬ ಹೆಂಗಸಿನ ಬಾಳನ್ನು ಬೀದಿಗೆ ತಂದಿದ್ದ.

ಇನ್ನು ಮಾತ್ರೆಯ ವಿಷಯ. ಈಗಿನ ಪದ್ಧತಿಯಲ್ಲಿ ಮಾತ್ರೆಯನ್ನು ಮನೆಗೆ ಕೊಟ್ಟು ಕಳಿಸುವುದಿಲ್ಲ. ಸೋಮವಾರ, ಬುಧವಾರ, ಶುಕ್ರವಾರ ಯಾರಾದರೂ ಎದುರಿಗೆ ನಿಂತು ನುಂಗಿಸಬೇಕು, ಅವರು ಮನೆಯವರಾಗಿರಬಾರದು. ಯಾರನ್ನು ಹಾಕಲಿ ಎಂದು ಡಾಕ್ಟರಮ್ಮ ಕೇಳಿದರು. ರುದ್ರಮ್ಮ ಥಟ್ಟನೆ ಮುನಿಯಮ್ಮನ ಹೆಸರು ಹೇಳಿದಳು. ಮುನಿಯಮ್ಮನನ್ನು ಕರೆಸಿ ಕೇಳಿದಾಗ ಆಕೆ ಎಲೆಗೆ ಸುಣ್ಣ ಹಚ್ಚಿಕೊಂಡಳು.

“ನೋಡ್ಕಂತೀನಿ. ಆದ್ರೆ ಹಿತ್ತಲಿಂದ ಬರಲ್ಲ ಅಮ್ಮಾರೆ. ಮುಂದಿನ ಬಾಗ್ಲಿಂದ ಬತ್ತೀನಿ. ಒಳಗೆ, ನಿಮ್ ಮಂಚದ ಹತ್ರ. ಜಗಲೀಲಿ ನಿಂತ್ರೆ ನುಂಗಿದ್ರೋ ಉಗುಳಿದ್ರೋ ನಂಗೆ ಕಾಣಲ್ಲ.”

ಇದನ್ನು ಮನಪರಿವರ್ತನೆ ಎಂದು ಕರೆದು ಯಾರೂ ಕಣ್ಣೊರೆಸಿಕೊಳ್ಳಬೇಡಿ. ಮೊದಲ ದಿನ ಮುನಿಯಮ್ಮ ಹೊಸ್ತಿಲು ದಾಟಿದಾಗ ಇಂದುಧರ ಪೇಪರು ಅಡ್ಡ ಹಿಡಿದುಕೊಂಡು ಕೂತಿದ್ದ. ಎರಡನೇ ದಿನವೂ ಹಾಗೇ. ಪೇಪರು ತಲೆಕೆಳಗಾಗಿತ್ತೆಂದು ಮುನಿಯಮ್ಮ ಊರಿಗೆಲ್ಲ ಹೇಳಿದಳು. ಓದಲು ಬಾರದ ಆಕೆಗೆ ಅದು ಹೇಗೆ ಗೊತ್ತಾಯಿತು ಎಂದರೆ, “ಫೋಟೋದಲ್ಲಿ ಮಂತ್ರಿ ತಲೆ ಕೆಳಗಿತ್ತು” ಎಂದಳು. ನೀರು? ರುದ್ರಮ್ಮ ತಾನೇ ಬಗ್ಗಿಸಿಕೊಂಡು ಕುಡಿಯುತ್ತಿದ್ದಳು. ಮುನಿಯಮ್ಮನ ಕೈಯಿಂದ ಕೇಳಲಿಲ್ಲ, ಈಕೆ ಕೊಡಲೂ ಇಲ್ಲ. ಅದು ಇನ್ನೂ ಅಲ್ಲಿಗೇ ನಿಂತಿದೆ. ಇದ್ದದ್ದನ್ನು ಬರೆಯಬೇಕಲ್ಲ.

ಎರಡು ತಿಂಗಳಾದ ಮೇಲೆ ಮತ್ತೆ ಪರೀಕ್ಷೆ. ರುದ್ರಮ್ಮ ಡಬ್ಬಿ ಹಿಡಿದು ತಾನೇ ಬಂದಳು, ಜೊತೆಗೆ ಮುನಿಯಮ್ಮ. ಇಬ್ಬರೂ ಕಿಟಕಿಯ ಹತ್ತಿರದ ಬೆಂಚಿನ ಮೇಲೆ ಕೂತರು. ಆ ದಿನ ಕರೆಂಟ್ ಇರಲಿಲ್ಲ. ಗಂಗಯ್ಯ ಬಿಸಿಲು ಹಿಡಿದು ನೂರು ಕಡೆ ನೋಡಿದ. ಹೊರಗೆ ಇಬ್ಬರು ಹೆಂಗಸರ ವಾದ ನಡೆದಿತ್ತು, ಮಗುವಿಗೆ ಬಜೆ ತೇಯ್ದು ನೆಕ್ಕಿಸಬೇಕೋ ಬೇಡವೋ ಎಂದು. ನೋಡಿ ಮುಗಿಸಿ ಅವನು ಇಬ್ಬರನ್ನೂ ಒಳಗೆ ಕರೆದ.

“ನೋಡಿ ಅಮ್ಮಾವ್ರೇ.”

ರುದ್ರಮ್ಮ ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. “ಏನೂ ಕಾಣಲ್ವಲ್ಲೋ. ಬರೀ ನೀಲಿ.”

“ಅದನ್ನೇ ತೋರಿಸ್ತಿರೋದು.”

“ಸರಿ ಜರುಗಿ, ನಾನ್ ನೋಡ್ತೀನಿ” ಎಂದು ಮುನಿಯಮ್ಮ ಆಕೆಯ ಭುಜ ಸರಿಸಿ ಬಗ್ಗಿದಳು. ಒಂದು ಕಣ್ಣು ಮುಚ್ಚಿ, ನಾಲಿಗೆ ಕಚ್ಚಿ ನೋಡಿದಳು. “ಅಡಿಕೆ ಚೂರೂ ಇಲ್ಲ” ಎಂದಳು. “ಇದು ಖಂಡಿತ ನಂದಲ್ಲ ಕಣ್ ಗಂಗಣ್ಣ. ಸರಿಯಾಗಿ ನೋಡ್ಕಂಡು ಬರ್ಕೋ.”

ಗಂಗಯ್ಯ ಡಬ್ಬಿಯನ್ನು ಎತ್ತಿ, ಮುಚ್ಚಳದ ಕಡೆ ನೋಡದೆ, ಮೈಮೇಲಿನ ನಂಬರನ್ನು ಇನ್ನೊಂದು ಸಲ ಓದಿದ. ಆಮೇಲೆ ನೀಲಿ ಪೆನ್ನು ತೆಗೆದುಕೊಂಡ.